ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಶರಣ ಆದಯ್ಯನವರು

ಮನುಷ್ಯನು ತಾನು ಹುಟ್ಟಿದ ನೆಲವನ್ನು ಬಿಟ್ಟು ಪರದೇಶದಲ್ಲಿ ನೆಲೆಸಿದಾಗ ಆತನ ಉಡಿಗೆ ತೊಡಿಗೆ, ಊಟ ಉಪಚಾರ, ಆಡುವ ಮಾತು ಇವೆಲ್ಲವೂ ಕಾಲಕ್ರಮದಲ್ಲಿ ಆ ದೇಶದ ರೀತಿಗೆ ತಿರುಗುವುದು ಲೋಕದಲ್ಲಿ ಸಹಜವಾದ ಸಂಗತಿ. ಇದು ಒಂದು ದಿನದಲ್ಲಿ ಆಗುವುದಲ್ಲ. ಆಗುತ್ತಿರುವಾಗ ಆತನಿಗೆ ತಿಳಿಯುವುದೂ ಇಲ್ಲ. ಬಹುಕಾಲದ ಮೇಲೆ ಊರಿಗೆ ಬಂದಾಗ ಹೆತ್ತವರು ಅದನ್ನು ಮೊದಲು ಕಾಣುತ್ತಾರೆ. ಕಂಡು ಒಳಗೊಳಗೇ ನೋಯುತ್ತಾರೆ.

ಈಚೆಗೆ ನಮ್ಮ ಹೊನ್ನವಳ್ಳಿಯ ಕಡೆಯ ಗೃಹಸ್ಥರೊಬ್ಬರು ಸೋಮವಾರದ ಪೂಜೆಯ ತರುವಾಯ ನನ್ನ ಬಳಿಯಲ್ಲಿ ಕುಳಿತು ಇಂತಹುದೇ ಒಂದು ನೋವನ್ನು ತೋಡಿಕೊಂಡರು. ಅವರ ಮಗನು ಸಮುದ್ರದಾಚೆಯ ದೇಶದಲ್ಲಿ ಉದ್ಯೋಗದಲ್ಲಿರುವನು. ಮೊದಮೊದಲು ಅವನ ಮಾತು ಕೇಳಿದರೆ ತೋಟದಲ್ಲಿ ನಿಂತು ಮಾತನಾಡುತ್ತಿರುವಂತೆ ಇದ್ದಿತಂತೆ. ಬರಬರುತ್ತ ಮಾತಿನ ನಡುವೆ ಆ ದೇಶದ ನುಡಿ ಸೇರಿತು. ಊಟದ ಹೊತ್ತು ಬದಲಾಯಿತು. ಈಗ ಮೊಮ್ಮಗುವಿಗೆ ಅಜ್ಜನ ಮಾತು ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಹೀಗಿರುವಲ್ಲಿ ಆ ಮಗನನ್ನು ತಮ್ಮ ಮನೆತನಕ್ಕೆ ಉಳಿದವನೆಂದು ಎಣಿಸಬೇಕೋ, ಹೋದವನೆಂದು ಎಣಿಸಬೇಕೋ ಎಂದು ಅವರು ಕೇಳಿದರು. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸುತ್ತಿರುವಾಗ ಮಹಾಶರಣರಾದ ಆದಯ್ಯನವರ ಚರಿತ್ರೆಯು ನೆನಪಿಗೆ ಬಂದಿತು. ಆ ಚರಿತ್ರೆಯನ್ನು ಈ ಪತ್ರಿಕೆಯ ವಾಚಕ ಮಹಾಶಯರ ಮುಂದೆ ಇಡುವುದೇ ಆ ಗೃಹಸ್ಥರಿಗೆ ಕೊಡಬಹುದಾದ ಉತ್ತರವೆಂದು ತಿಳಿದು ಇಲ್ಲಿ ಬರೆದಿರುವೆನು.

ಆದಯ್ಯನವರು ಹನ್ನೆರಡನೆಯ ಶತಮಾನದ ಶರಣರು. ಅವರು ಕನ್ನಡನಾಡಿನಲ್ಲಿ ಹುಟ್ಟಿದವರಲ್ಲ; ಪಶ್ಚಿಮ ಸಮುದ್ರದ ತೀರದಲ್ಲಿರುವ ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಬಂದು ಪುಲಿಗೆರೆಯಲ್ಲಿ ನೆಲೆಸಿದವರು. ತಂದೆ ಘೋರದತ್ತ, ತಾಯಿ ಪುಣ್ಯವತಿ. ಪುಲಿಗೆರೆಯೆಂದರೆ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಹಂಪೆಯ ಹರಿಹರ ಮಹಾಕವಿಯು ಆದಯ್ಯನ ರಗಳೆಯನ್ನೂ, ಆತನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಸೋಮನಾಥ ಚಾರಿತ್ರವನ್ನೂ ರಚಿಸಿ ಈ ಶರಣರ ಕಥೆಯನ್ನು ಚಿರಸ್ಥಾಯಿಯಾಗಿ ಮಾಡಿದ್ದಾರೆ. ಆದಯ್ಯನವರೂ ಸ್ವತಃ ವಚನಕಾರರು. ಅವರ ವಚನಗಳು ನಾಲ್ಕುನೂರರಷ್ಟು ನಮಗೆ ದೊರೆತಿವೆ. ಅವೆಲ್ಲವೂ ಕನ್ನಡದಲ್ಲಿವೆ, ಆದರೆ ಅವುಗಳ ಅಂಕಿತ ಮಾತ್ರ ಸೌರಾಷ್ಟ್ರ ಸೋಮೇಶ್ವರ. ಬಂದ ನಾಡಿನ ನುಡಿ, ಬಿಟ್ಟುಬಂದ ನಾಡಿನ ದೈವ, ಇವೆರಡೂ ಒಂದೇ ವಚನದಲ್ಲಿ ಕೂಡಿರುವ ಈ ಸೋಜಿಗದಲ್ಲಿಯೇ ಆದಯ್ಯನವರ ಜೀವನದ ಸಾರವೆಲ್ಲವೂ ಅಡಗಿರುವುದು.

ಮೊದಲು ಅವರು ಬಿಟ್ಟುಬಂದ ನಾಡನ್ನು ನೋಡೋಣ. ಸೌರಾಷ್ಟ್ರದ ಕಡಲತಡಿಯ ಸೋಮನಾಥ ಕ್ಷೇತ್ರವು ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದೆಂದು ಪ್ರಸಿದ್ಧವಾದುದು. 1026ರಲ್ಲಿ ಘಜನಿಯ ಮಹಮೂದನು ಆ ದೇವಾಲಯವನ್ನು ಒಡೆದು ಸೂರೆಗೊಂಡನು. ಆದರೂ ಜನರು ಆ ದೇವರನ್ನು ಬಿಡಲಿಲ್ಲ. 1169ರಲ್ಲಿ ಗುಜರಾತಿನ ಅರಸು ಕುಮಾರಪಾಲನು ಅದನ್ನು ಮತ್ತೆ ಕಟ್ಟಿಸಿದನು. ಈ ಕುಮಾರಪಾಲನು ಜೈನಾಚಾರ್ಯರಾದ ಹೇಮಚಂದ್ರರಲ್ಲಿ ಗುರುಭಾವವನ್ನಿಟ್ಟಿದ್ದವನು ಎಂಬುದನ್ನು ಇಲ್ಲಿಯೇ ನೆನೆಯತಕ್ಕದ್ದು. ಮುಂದೆ ಹೇಳುವ ಕಥೆಯನ್ನು ಓದುವಾಗ ಇದು ಮನಸ್ಸಿನಲ್ಲಿದ್ದರೆ ಒಳ್ಳೆಯದು. ಅದೇ ಹೇಮಚಂದ್ರರು ಆಗಿನ ಅಪಭ್ರಂಶ ಭಾಷೆಗೆ ವ್ಯಾಕರಣವನ್ನು ಬರೆದರು. ಈಗಿನ ಗುಜರಾತಿ ನುಡಿಯು ಆ ಮೂಲದಿಂದ ಬೆಳೆದು ಬಂದುದು. ಆದಯ್ಯನವರ ತಾಯ್ನುಡಿಯೂ ಆ ವರ್ಗದ್ದೇ ಆಗಿದ್ದಿರಬೇಕು. ಅದರ ಪದಗಳಿಗೂ ಪ್ರತ್ಯಯಗಳಿಗೂ ನಮ್ಮ ಕನ್ನಡಕ್ಕೂ ಬಹಳ ದೂರ. ಸಂಸ್ಕೃತದಿಂದ ಎರಡೂ ಕಡೆಗೆ ಬಂದ ಶಬ್ದಗಳನ್ನು ಬಿಟ್ಟರೆ ಆ ನಾಡಿನವನಿಗೆ ನಮ್ಮ ಮಾತು ಕಿವಿಗೆ ಬೀಳುವ ಸದ್ದು ಮಾತ್ರ.

ಇನ್ನು ಅವರು ಬಂದು ಸೇರಿದ ನಾಡು ಎಂತಹುದು? ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ತಿರುಳುಗನ್ನಡದ ನೆಲೆಯೆಂದು ಹೇಳಿದೆ. 941ರ ಸುಮಾರಿನಲ್ಲಿದ್ದ ಆದಿಕವಿ ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡವೆಂದು ಅಭಿಮಾನಪಟ್ಟಿದ್ದಾನೆ. ತಿರುಳು ಎಂಬ ಮಾತಿನ ಬೆಲೆಯನ್ನು ತೆಂಗಿನ ಸೀಮೆಯವರಾದ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ಸಿಪ್ಪೆಯೂ ಚಿಪ್ಪೂ ಕಳೆದು ಒಳಗೆ ಉಳಿಯುವ ಸಾರವೇ ತಿರುಳು. ಅಂತಹ ಕನ್ನಡವನ್ನು ಬೀದಿಬೀದಿಯಲ್ಲಿ ಆಡುತ್ತಿದ್ದ ಊರಿಗೆ ಕನ್ನಡದ ಒಂದು ಅಕ್ಷರವೂ ಅರಿಯದ ಪರದೇಶಿ ವರ್ತಕನೊಬ್ಬನು ಬಂದಿಳಿದನು ಎಂಬುದನ್ನು ವಾಚಕರು ಊಹಿಸಿಕೊಳ್ಳಬೇಕು.

ಪುಲಿಗೆರೆಯು ಮುನ್ನೂರು ಗ್ರಾಮಗಳ ನಾಡಿಗೆ ರಾಜಧಾನಿಯಾಗಿದ್ದ ಪಟ್ಟಣ. ಅಲ್ಲಿ ಬಸದಿಗಳಿದ್ದುವು, ಶಿವಾಲಯಗಳಿದ್ದುವು. ಅದು ಜೈನಧರ್ಮದ ದೊಡ್ಡ ಕೇಂದ್ರ. ಆ ಕಾಲದಲ್ಲಿ ಅಯ್ಯಾವೊಳೆಯ ಐನೂರ್ವರು ಮೊದಲಾದ ವರ್ತಕಸಂಘಗಳು ನಾಡಿನಿಂದ ನಾಡಿಗೆ ಸರಕನ್ನು ಸಾಗಿಸುತ್ತ ದೂರದ ಊರುಗಳನ್ನು ಒಂದಕ್ಕೊಂದು ಬೆಸೆದಿದ್ದುವು. ಸೋಮನಾಥದಿಂದ ಪುಲಿಗೆರೆಗೆ ಸಾವಿರ ಕಿಲೋಮೀಟರಿಗೆ ಕಡಮೆಯಾಗದ ದಾರಿ. ನದಿಗಳನ್ನು ದಾಟಿ, ಕಾಡುಗಳನ್ನು ಹಾಯ್ದು, ಎತ್ತುಗಳ ಮೇಲೆ ಸರಕು ಹೇರಿಕೊಂಡು ನಡೆಯುವ ವರ್ತಕನಿಗೆ ಅದು ತಿಂಗಳುಗಟ್ಟಲೆಯ ಪ್ರಯಾಣ. ಹೋದವನು ಬೇಗನೆ ಹಿಂದಿರುಗುವನೆಂಬ ನಂಬಿಕೆ ಮನೆಯವರಿಗೆ ಇರುತ್ತಿರಲಿಲ್ಲ. ಪುಣ್ಯವತಿಯೂ ಒಬ್ಬ ತಾಯಿಯೇ ಅಲ್ಲವೆ? ನಮ್ಮ ಗೃಹಸ್ಥರ ಮನೆಯವರಿಗೆ ದೂರವಾಣಿಯಾದರೂ ಇದೆ. ಆ ತಾಯಿಗೆ ಅದೂ ಇರಲಿಲ್ಲ.

ಆದಯ್ಯನವರು ಕನ್ನಡವನ್ನು ಯಾವ ಗುರುವಿನ ಬಳಿಯಲ್ಲಿ ಕಲಿತರೆಂದು ಕವಿಗಳು ಹೇಳುವುದಿಲ್ಲ. ಆದರೆ ವರ್ತಕನು ನುಡಿಯನ್ನು ಕಲಿಯುವ ಕ್ರಮ ಎಲ್ಲ ಕಾಲದಲ್ಲಿಯೂ ಒಂದೇ. ಮೊದಲು ಎಣಿಕೆ, ಅನಂತರ ಅಳತೆ, ಅದರ ಮೇಲೆ ಸರಕಿನ ಹೆಸರು. ಆ ಕಾಲದ ಶಾಸನಗಳಲ್ಲಿ ಕಾಣುವ ಗದ್ಯಾಣ, ಪಣ, ಹಾಗ ಎಂಬ ನಾಣ್ಯಗಳೂ, ಕೊಳಗ, ಮಾನ ಎಂಬ ಅಳತೆಗಳೂ, ಸುಂಕವೆಂಬ ಮಾತೂ ಅವರ ಬಾಯಿಗೆ ಮೊದಲು ಬಂದಿರಬೇಕು. ಬಳಿಕ ಚೌಕಾಸಿಯ ಮಾತು, ನಗೆಯ ಮಾತು, ಮುನಿಸಿನ ಮಾತು. ಒಂದು ದಿನ ತಾವು ಮನಸ್ಸಿನಲ್ಲಿ ಲೆಕ್ಕವನ್ನೂ ಕನ್ನಡದಲ್ಲಿಯೇ ಹಾಕುತ್ತಿರುವೆವೆಂದು ಅವರು ಕಂಡುಕೊಂಡಿರಬೇಕು. ನಮ್ಮ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ವ್ಯಾಪಾರಕ್ಕಾಗಿ ಉತ್ತರ ದೇಶಗಳಿಂದ ಬಂದು ನಿಂತವರ ಮಕ್ಕಳು ನಮ್ಮವರಂತೆಯೇ ಕನ್ನಡವಾಡುವುದನ್ನು ಕೇಳಿದವರಿಗೆ ಈ ಮಾತು ಉತ್ಪ್ರೇಕ್ಷೆಯೆನಿಸದು.

ಕಾಯಿ ಕೊಬ್ಬರಿಯಾಗುವ ಬಗೆಯನ್ನು ನಾವೆಲ್ಲರೂ ಬಲ್ಲೆವು. ಕೊಯ್ದ ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಚಿಪ್ಪಿನಿಂದ ತಾನಾಗಿಯೇ ಬಿಡುತ್ತದೆ. ಅಲುಗಿಸಿದರೆ ಗಿಟುಕು ಒಳಗೆ ಆಡುವ ಸದ್ದು ಕೇಳಿಸುತ್ತದೆ. ಯಾವ ದಿನ ಅದು ಕಾಯಾಗಿದ್ದಿತು, ಯಾವ ದಿನ ಕೊಬ್ಬರಿಯಾಯಿತು ಎಂದು ಬೆಳೆದವನೂ ಹೇಳಲಾರ. ಆತುರಪಟ್ಟು ಮೊದಲೇ ಒಡೆದವನಿಗೆ ಕೊಬ್ಬರಿ ದಕ್ಕುವುದಿಲ್ಲ. ಆದಯ್ಯನವರು ಪುಲಿಗೆರೆಯವರಾದುದೂ ಹೀಗೆಯೇ.

ಅವರನ್ನು ಆ ಊರಿಗೆ ಕಟ್ಟಿಹಾಕಿದ್ದು ವ್ಯಾಪಾರ ಮಾತ್ರವಲ್ಲ. ಪುಲಿಗೆರೆಯ ಜೈನ ವರ್ತಕ ಪಾರಿಸಸೆಟ್ಟಿಯ ಮಗಳಾದ ಪದ್ಮಾವತಿಯನ್ನು ಕಂಡು ಅವರು ಮೋಹಗೊಂಡರು. ಆಕೆಯೂ ಅವರಲ್ಲಿ ಮನಸ್ಸಿಟ್ಟಳು. ಆಕೆ ಶಿವದೀಕ್ಷೆಯನ್ನು ಪಡೆದು ಆದಯ್ಯನವರ ಕೈಹಿಡಿದಳು. ಮಗಳ ಮೇಲಣ ಪ್ರೀತಿಯಿಂದ ಪಾರಿಸಸೆಟ್ಟಿಯು ಅಳಿಯನನ್ನು ಮನೆಗೆ ಬರಮಾಡಿಕೊಂಡನು. ಆದಯ್ಯನವರು ಮಾವನ ಮನೆಯಲ್ಲಿಯೇ ಇರತೊಡಗಿದರು.

ಪರದೇಶದ ಬೀದಿಯಲ್ಲಿ ಬಾಳುವುದು ಒಂದು ಬಗೆ. ಪರದೇಶದ ಮನೆಯೊಳಗೆ ಬಾಳುವುದು ಇನ್ನೊಂದು ಬಗೆ. ಬೀದಿಯಲ್ಲಿ ಮಾತು ಬಂದರೆ ಸಾಕು. ಮನೆಯೊಳಗೆ ಹೊತ್ತು, ಹದ, ಮರ್ಯಾದೆ ಎಲ್ಲವೂ ಬೇಕು. ಜೈನ ಗೃಹಸ್ಥರ ಮನೆಯಲ್ಲಿ ನೀರನ್ನು ಸೋಸಿ ಕುಡಿಯುವರು. ಸೂರ್ಯಾಸ್ತದ ಮೇಲೆ ಉಣ್ಣುವುದಿಲ್ಲ. ಮುನಿಗಳ ಆಹಾರಕ್ಕೆ ಅಡುಗೆಯಲ್ಲಿ ಮೊದಲ ಸ್ಥಾನ. ಇವೆಲ್ಲಕ್ಕೂ ಆದಯ್ಯನವರು ಒಗ್ಗಿಕೊಂಡೇ ಇದ್ದಿರಬೇಕು. ಇಲ್ಲದಿದ್ದರೆ ಆ ಸಂಸಾರವು ಅಷ್ಟು ಕಾಲ ನೆಮ್ಮದಿಯಿಂದ ನಡೆಯುತ್ತಿರಲಿಲ್ಲ. ಹೊತ್ತಿಗೆ ಮುಂಚೆ ಉಂಡುದರಿಂದಾಗಲಿ, ಸೋಸಿದ ನೀರನ್ನು ಕುಡಿದುದರಿಂದಾಗಲಿ ಅವರ ಶಿವಭಕ್ತಿಗೆ ಲೇಶಮಾತ್ರವೂ ಕುಂದು ಬರಲಿಲ್ಲ. ಮಾತು ಹೋಯಿತು, ಉಡಿಗೆ ಹೋಯಿತು, ಊಟದ ಹೊತ್ತೂ ಹೋಯಿತು. ಹೊರಗಿನಿಂದ ನೋಡಿದವರು ಸೌರಾಷ್ಟ್ರದವನಲ್ಲಿ ಇನ್ನೇನೂ ಉಳಿದಿಲ್ಲವೆಂದೇ ಹೇಳಬಹುದಾಗಿದ್ದಿತು. ಏನು ಉಳಿದಿದೆ ಎಂಬುದು ತಿಳಿಯುವ ದಿನವೂ ಬಂದಿತು.

ಅಂದು ಮಾವನ ಮನೆಯಲ್ಲಿ ಜೈನಮುನಿಗಳಿಗಾಗಿ ಅಡುಗೆ ಸಿದ್ಧವಾಗಿದ್ದಿತು. ಅದೇ ಹೊತ್ತಿಗೆ ಹಸಿದು ಬಳಲಿದ ಶಿವಭಕ್ತರು ಆದಯ್ಯನವರನ್ನು ಅರಸಿಕೊಂಡು ಬಾಗಿಲಿಗೆ ಬಂದರು. ಮನೆ ತಮ್ಮದಲ್ಲ, ಅಡುಗೆ ಇವರಿಗಾಗಿ ಮಾಡಿದುದಲ್ಲ, ಯಜಮಾನನ ಅಪ್ಪಣೆಯೂ ಇಲ್ಲ. ನ್ಯಾಯವನ್ನು ಎಣಿಸುತ್ತ ನಿಲ್ಲುವವರಿಗೆ ಬಂದವರನ್ನು ಮುಂದಕ್ಕೆ ಕಳುಹಿಸಲು ಬೇಕಾದಷ್ಟು ಕಾರಣಗಳಿದ್ದುವು. ಆದರೆ ಆ ದಂಪತಿಗಳಿಗೆ ಕಂಡುದು ಹಸಿವು ಒಂದೇ. ಸಿದ್ಧವಾಗಿದ್ದ ಅಡುಗೆಯನ್ನು ಶಿವಭಕ್ತರಿಗೆ ಬಡಿಸಿದರು.

ಇಲ್ಲಿ ಪದ್ಮಾವತಿಯ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆನು. ಈ ಕಥೆಯಲ್ಲಿ ಪರದೇಶಕ್ಕೆ ಹೋದವರು ಆದಯ್ಯನವರೊಬ್ಬರೇ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಆದಯ್ಯನವರಿಗೆ ಆ ಮನೆಯು ಮೊದಲಿನಿಂದಲೂ ಪರರ ಮನೆ. ದಿನ ಕಳೆದಂತೆ ಅದು ತಮ್ಮದಾಗುತ್ತ ಬಂದಿತು. ಪದ್ಮಾವತಿಗಾದರೋ ಅದು ಹುಟ್ಟಿದ ಮನೆ. ಆಡಿ ಬೆಳೆದ ಅಂಗಳ. ದೀಕ್ಷೆಯನ್ನು ಪಡೆದ ದಿನದಿಂದ ಅದೇ ಮನೆಯಲ್ಲಿ ಆಕೆ ಮೆಲ್ಲಮೆಲ್ಲನೆ ಹೊರಗಿನವಳಾಗುತ್ತ ಬಂದಳು. ಗಂಡನು ಸಾವಿರ ಕಿಲೋಮೀಟರು ನಡೆದು ದಾಟಿದ ದೂರವನ್ನು ಆಕೆ ಒಂದು ಹೊಸಿಲನ್ನೂ ದಾಟದೆ ದಾಟಿದಳು. ತವರಿನ ಅಡುಗೆಮನೆಯಿಂದ ಅನ್ನ ಹೊರಗೆ ಬರಬೇಕಾದರೆ ಆ ಮನೆಯ ಮಗಳ ಮನಸ್ಸು ಅದಕ್ಕೆ ಒಪ್ಪಿರಬೇಕಷ್ಟೆ. ಅದರ ಫಲವೇನಾಗುವುದೆಂಬುದನ್ನು ಗಂಡನಿಗಿಂತ ಚೆನ್ನಾಗಿ ಬಲ್ಲವಳು ಆಕೆಯೇ. ತಂದೆಯ ಕೋಪದ ಸ್ವರೂಪ ಮಗಳಿಗೆ ತಿಳಿಯದೆ?

ಪಾರಿಸಸೆಟ್ಟಿಯು ಕೋಪಗೊಂಡನು. ಅದು ಅಕಾರಣವಾದ ಕೋಪವೆಂದು ನಾವು ಹೇಳತಕ್ಕದ್ದಲ್ಲ. ಮುನಿಗಳಿಗಾಗಿ ಮಾಡಿದ ಅಡುಗೆಯನ್ನು ಕೇಳದೆ ಬಡಿಸಿದರೆ ಯಾವ ಧರ್ಮದ ಗೃಹಸ್ಥನಿಗೂ ನೋವಾಗುವುದು. ಜಂಗಮರಿಗೆಂದು ಮಾಡಿದ ಅಡುಗೆ ಹಾಗಾಗಿದ್ದರೆ ನಮಗೂ ನೋಯುತ್ತಿತ್ತು. ಮಾತಿಗೆ ಮಾತು ಬೆಳೆಯಿತು. ನಡುವೆ ಆದಯ್ಯನವರ ದೇವರನ್ನೇ ಹೀನಾಯವಾಗಿ ಆಡಿದ ಮಾತೂ ಬಂದಿತು. ಅಷ್ಟು ದೊಡ್ಡ ದೇವರಾದರೆ ಸೌರಾಷ್ಟ್ರದಲ್ಲಿಯೇ ಏಕೆ ಇರಬೇಕು, ಪುಲಿಗೆರೆಗೆ ಬರಬಾರದೆ ಎಂಬುದು ಆ ಅಪಹಾಸ್ಯದ ತಿರುಳು. ಎಲ್ಲಕ್ಕೂ ಹೊಂದಿಕೊಂಡು ಬಂದಿದ್ದ ಅಳಿಯನು ಅಂದು ಮಣಿಯಲಿಲ್ಲ. ಸೋಮನಾಥನನ್ನು ಪುಲಿಗೆರೆಗೆ ಕರೆತರುವೆನೆಂದು ಪ್ರತಿಜ್ಞೆಮಾಡಿ, ಉಟ್ಟ ಬಟ್ಟೆಯಲ್ಲಿಯೇ ಹೊರಟುಬಿಟ್ಟರು.

ದಾರಿಯ ಬವಣೆಯನ್ನೂ ಶಿವನು ಅವರನ್ನು ಪರೀಕ್ಷಿಸಿ ಒಲಿದುದನ್ನೂ ಕವಿಗಳು ವಿಸ್ತಾರವಾಗಿ ವರ್ಣಿಸಿರುವರು. ಕೊನೆಗೆ ಸೋಮನಾಥನು ಭಕ್ತನ ಭಾಷೆಯನ್ನು ಉಳಿಸಲು ಪುಲಿಗೆರೆಗೆ ಬಂದನು. ಊರಿನ ಬಸದಿಯೊಂದರಲ್ಲಿ ಪ್ರಕಟನಾದನು ಎಂಬುದು ಪುರಾಣದ ಮಾತು. ಕವಿಗಳು ಈ ಭಾಗವನ್ನು ತಮ್ಮ ಕಾಲದ ಮತಕಲಹದ ಕಾವಿನಲ್ಲಿ ಬರೆದರು. ನಾವು ಅದನ್ನು ಆ ಕಾವಿನಲ್ಲಿಯೇ ಓದಬೇಕಾಗಿಲ್ಲ. ಇಂದಿಗೂ ಲಕ್ಷ್ಮೇಶ್ವರದಲ್ಲಿ ಕಲ್ಯಾಣ ಚಾಲುಕ್ಯರ ಶೈಲಿಯ ಸೋಮೇಶ್ವರ ದೇವಾಲಯವೂ ಇದೆ, ಪ್ರಾಚೀನವಾದ ಶಂಖಬಸದಿಯೂ ಇದೆ. ಸೌರಾಷ್ಟ್ರದಲ್ಲಿ ಅದೇ ಸೋಮನಾಥನ ಗುಡಿಯನ್ನು ಮತ್ತೆ ಎತ್ತಿಸಿದವನು ಜೈನಗುರುವಿನಲ್ಲಿ ಭಕ್ತಿಯಿದ್ದ ಅರಸನೆಂಬುದನ್ನು ಮೊದಲೇ ಹೇಳಿದ್ದೇನೆ. ನಮ್ಮ ಕಾಲದಲ್ಲಿ ಆ ಗುಡಿ ಮತ್ತೊಮ್ಮೆ ಎದ್ದು, 1951ರ ಮೇ 11ರಂದು ರಾಷ್ಟ್ರಾಧ್ಯಕ್ಷ ರಾಜೇಂದ್ರಪ್ರಸಾದರ ಸಮ್ಮುಖದಲ್ಲಿ ಅಲ್ಲಿ ಲಿಂಗಪ್ರತಿಷ್ಠೆಯಾಯಿತು.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಅಂಶ. ಮಾವನ ಮನೆಯಲ್ಲಿ ಅಪಮಾನವಾದಾಗ ಆದಯ್ಯನವರು ಹೆಂಡತಿಯನ್ನು ಕರೆದುಕೊಂಡು ಸೌರಾಷ್ಟ್ರಕ್ಕೆ ಹಿಂದಿರುಗಬಹುದಾಗಿದ್ದಿತು. ಅಲ್ಲಿ ತಾಯಿ ಇದ್ದಳು, ತಾಯ್ನುಡಿ ಇದ್ದಿತು, ಮನೆದೇವರಿದ್ದನು. ಪರದೇಶದಲ್ಲಿ ನೊಂದವನಿಗೆ ಮೊದಲು ಹೊಳೆಯುವ ದಾರಿ ಅದೇ. ಅವರು ಹೊರಟದ್ದೇನೋ ಆ ದಿಕ್ಕಿಗೇ. ಆದರೆ ಅಲ್ಲಿ ಉಳಿಯುವುದಕ್ಕಲ್ಲ. ತಾವು ದೇವರಿದ್ದಲ್ಲಿಗೆ ಮರಳುವ ಬದಲು ದೇವರನ್ನೇ ತಾವಿದ್ದಲ್ಲಿಗೆ ಕರೆತಂದರು. ಪುಲಿಗೆರೆಯೇ ತಮ್ಮ ಊರೆಂದು ಅಂದು ಅವರು ತೀರ್ಮಾನಿಸಿದಂತಾಯಿತು. ಯಾವ ಊರಿನಲ್ಲಿ ಅನ್ನವನ್ನೂ ಹೆಂಡತಿಯನ್ನೂ ನುಡಿಯನ್ನೂ ಪಡೆದರೋ ಆ ಊರನ್ನು ಬಿಟ್ಟುಹೋಗಲು ಅವರು ಒಪ್ಪಲಿಲ್ಲ. ಯಾವ ನಿಷ್ಠೆಯನ್ನು ಹುಟ್ಟಿದ ಊರಿನಿಂದ ತಂದಿದ್ದರೋ ಅದನ್ನು ಬಿಡಲೂ ಒಪ್ಪಲಿಲ್ಲ.

ದೇವರಾದರೂ ಏನು ಮಾಡಿದನು? ಸೌರಾಷ್ಟ್ರದ ಕಡಲತಡಿಯ ಸೋಮನಾಥನು ಕನ್ನಡನಾಡಿನ ಶಿಲ್ಪಿಗಳು ಕನ್ನಡನಾಡಿನ ಕಲ್ಲಿನಲ್ಲಿ ಕಡೆದ ಗುಡಿಯಲ್ಲಿ ನೆಲೆಸಿದನು. ಅಲ್ಲಿ ನಂದಿಯ ಮೇಲೆ ಪಾರ್ವತಿಯೊಡನೆ ಆಸೀನನಾದ ಶಿವನ ಮೂರ್ತಿಯನ್ನು ಈಗಲೂ ನೋಡಬಹುದು. ಕನ್ನಡಿಗರು ಸೋಮೇಶ್ವರ, ಸೋಮಯ್ಯ ಎಂದು ಕರೆದರೆ ಓಗೊಡುವುದನ್ನು ಕಲಿತನು. ಭಕ್ತನು ಹೊಂದಿಕೊಂಡಂತೆ ಭಗವಂತನೂ ಹೊಂದಿಕೊಂಡನು ಎಂದರೆ ತಪ್ಪಾಗಲಾರದು.

ಆದಯ್ಯನವರ ವಚನಗಳ ವಿಚಾರಕ್ಕೆ ಬರೋಣ. ವರ್ತಕನು ಕಲಿತ ಭಾಷೆಯು ಸಾಮಾನ್ಯವಾಗಿ ಅಂಗಡಿಯ ಹೊಸಿಲಿನಲ್ಲಿಯೇ ನಿಂತುಬಿಡುವುದು. ಕೊಡುಕೊಳ್ಳುವುದಕ್ಕೆ ಸಾಕಾಗುವಷ್ಟು ಬಂದ ಮೇಲೆ ಇನ್ನಷ್ಟು ಕಲಿಯಬೇಕೆಂಬ ಹಂಬಲ ಹಲವರಿಗೆ ಇರುವುದಿಲ್ಲ. ಆದಯ್ಯನವರ ಕನ್ನಡವು ಅಲ್ಲಿಗೆ ನಿಲ್ಲಲಿಲ್ಲ. ಅವರ ವಚನಗಳಲ್ಲಿ ಷಟ್‌ಸ್ಥಲದ ವಿವೇಚನೆಯಿದೆ. ಅಂಗಲಿಂಗ ಸಂಬಂಧದ ಸೂಕ್ಷ್ಮವಿದೆ. ಶಾಸ್ತ್ರಪ್ರಮಾಣಗಳನ್ನು ಮುಂದಿಟ್ಟು ನಡೆಸಿದ ಚರ್ಚೆಯಿದೆ. ಪಂಡಿತರು ಸಂಸ್ಕೃತದಲ್ಲಿ ಹೇಳುತ್ತಿದ್ದ ತತ್ತ್ವವನ್ನು ಅವರು ಕಲಿತ ನುಡಿಯಾದ ಕನ್ನಡದಲ್ಲಿ ಹೇಳಿದರು. ಸಂಸ್ಕೃತದಲ್ಲಿ ಬರೆದಿದ್ದರೆ ಸೌರಾಷ್ಟ್ರದವರೂ ಓದಬಹುದಾಗಿದ್ದಿತು. ಆದರೆ ಶರಣಮಾರ್ಗವು ಆಡುನುಡಿಯಲ್ಲಿ ಅರಳಿದ ಮಾರ್ಗ. ಒಬ್ಬನು ತನ್ನ ಅಂತರಂಗದ ದೇವರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾನೋ ಅದೇ ಅವನ ನಿಜವಾದ ಭಾಷೆಯಾದರೆ, ಆದಯ್ಯನವರ ಭಾಷೆ ಕನ್ನಡವೇ ಆಗಿದ್ದಿತು. ತಾಯಿಯ ಮಡಿಲಿನಲ್ಲಿ ಕಲಿಯದ ನುಡಿಯೂ ಹೀಗೆ ಪ್ರಾಣದ ನುಡಿಯಾಗಬಲ್ಲುದು.

ಇನ್ನೂ ಒಂದು ಸೂಕ್ಷ್ಮವುಂಟು. ಪುರಾಣದಲ್ಲಿ ಆದಯ್ಯನವರು ತಂದುದು ಗುಡಿಯಲ್ಲಿ ನೆಲೆಸಿದ ಸ್ಥಾವರಮೂರ್ತಿಯನ್ನು. ವಚನಗಳಲ್ಲಿ ಅವರು ಹೇಳುವುದು ಕರಸ್ಥಲದ ಇಷ್ಟಲಿಂಗವನ್ನು, ಅಂತರಂಗದ ಪ್ರಾಣಲಿಂಗವನ್ನು. ದೂರದ ಊರಿನ ಗುಡಿಯಲ್ಲಿ ಮಾತ್ರ ಇರುವ ದೇವರನ್ನು ಪರದೇಶಕ್ಕೆ ಹೋದವನು ಕಳೆದುಕೊಳ್ಳಬಹುದು; ಅಂಗದ ಮೇಲಿರುವ ಲಿಂಗವನ್ನು ಕಳೆದುಕೊಳ್ಳುವುದೆಂತು? ಶರಣರು ದೇವರನ್ನು ಎದೆಯ ಮೇಲೆ ಧರಿಸುವ ಮಾರ್ಗವನ್ನು ತೋರಿಸಿದ ದಿನವೇ ಪರದೇಶವೆಂಬ ಭಯವನ್ನು ಕಳೆದರು. ಲಿಂಗವಂತನು ಹೋದಲ್ಲಿಯೇ ಆತನ ಕ್ಷೇತ್ರ.

ಹೀಗೆ ಬಂದವರು ಆದಯ್ಯನವರೊಬ್ಬರೇ ಅಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಹೊರೆಯನ್ನು ಹೊತ್ತು ಮಾರಿ ಜಂಗಮದಾಸೋಹವನ್ನು ನಡೆಸಿದರೆಂದು ಪರಂಪರೆ ಹೇಳುವುದು. ಅದೇ ನಾಡಿನಿಂದ ಬಂದವಳು ಬೊಂತಾದೇವಿ. ಇವರೆಲ್ಲರೂ ಕನ್ನಡದಲ್ಲಿಯೇ ವಚನಗಳನ್ನು ಹೇಳಿದರು. ಬಂದವರು ಕಲಿತರು ಎಂದರೆ ಇದ್ದವರು ಕಲಿಸಿದರು ಎಂದೇ ಅರ್ಥ. ಪರದೇಶಿಯ ತೊದಲುಮಾತನ್ನು ಕೇಳಿ ನಕ್ಕು ದೂರಮಾಡುವ ಊರಿನಲ್ಲಿ ವಚನಕಾರನು ಹುಟ್ಟುವುದಿಲ್ಲ. ಆದಯ್ಯನವರ ನಾಲ್ಕುನೂರು ವಚನಗಳ ಪುಣ್ಯದಲ್ಲಿ ಸಂತೆಯಲ್ಲಿ ಅವರ ತಪ್ಪುಮಾತನ್ನು ತಾಳ್ಮೆಯಿಂದ ತಿದ್ದಿದ ಹೆಸರಿಲ್ಲದ ಪುಲಿಗೆರೆಯವರಿಗೂ ಒಂದು ಪಾಲು ಸಲ್ಲಬೇಕು. ನಮ್ಮ ಊರುಗಳಿಗೆ ದುಡಿಮೆಗಾಗಿ ಬರುವ ಅನ್ಯಭಾಷೆಯವರನ್ನು ಕಾಣುವಾಗ ನಾವು ಇದನ್ನು ಮರೆಯಬಾರದು.

ಈ ಚರಿತ್ರೆಯನ್ನು ಮುಂದಿನ ಸೋಮವಾರ ಆ ಗೃಹಸ್ಥರಿಗೆ ಹೇಳಿದೆನು. ಹೇಳಿ, ನನಗೆ ತೋರಿದ ಮಾತನ್ನೂ ಸೇರಿಸಿದೆನು. ಮಗನ ಮಾತು ಬದಲಾದುದಕ್ಕೂ ಊಟದ ಹೊತ್ತು ಬದಲಾದುದಕ್ಕೂ ಕೊರಗಬೇಕಾಗಿಲ್ಲ. ಅನ್ನ ಕೊಡುವ ನೆಲದ ನುಡಿಯನ್ನು ಕಲಿಯುವುದು ಆ ನೆಲಕ್ಕೆ ಸಲ್ಲಿಸುವ ಮರ್ಯಾದೆ. ಕೇಳಬೇಕಾದುದು ಎರಡೇ ಪ್ರಶ್ನೆ. ಹಸಿದವನು ಬಾಗಿಲಿಗೆ ಬಂದರೆ ಆ ಮನೆಯಲ್ಲಿ ಅನ್ನ ದೊರೆಯುವುದೇ? ಅಂಗದ ಮೇಲೆ ಲಿಂಗವಿದೆಯೇ? ಇವೆರಡೂ ಇದ್ದರೆ ಮಗನು ಎಲ್ಲಿಗೂ ಹೋಗಿಲ್ಲ. ಇವೆರಡೂ ಇಲ್ಲದಿದ್ದರೆ ಹೊನ್ನವಳ್ಳಿಯ ತೋಟದ ಮನೆಯಲ್ಲಿಯೇ ಕುಳಿತು ಅಚ್ಚಗನ್ನಡವಾಡುವವನೂ ದೂರ ಹೋದವನೇ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ನಾನು ನಿರೀಕ್ಷಿಸದ ಒಂದು ಮಾತನ್ನು ಕೇಳಿದರು. ಆದಯ್ಯನವರು ಬಂದ ನಾಡಿನ ನುಡಿಯಲ್ಲಿ ದೇವರನ್ನು ಹಾಡಿದರು, ಅದು ನಮಗೆ ಲಾಭವಾಯಿತು. ಆದರೆ ಸೌರಾಷ್ಟ್ರದಲ್ಲಿದ್ದ ಅವರ ತಾಯಿಗೆ ಆ ವಚನಗಳಲ್ಲಿ ಒಂದಾದರೂ ಅರ್ಥವಾಗುತ್ತಿತ್ತೇ ಎಂದು. ನಾನು ಆದಯ್ಯನವರನ್ನು ನೆನೆದಿದ್ದೆನು. ಅವರು ಪುಣ್ಯವತಿಯನ್ನು ನೆನೆದಿದ್ದರು. ನಾನು ಯೋಚಿಸಿ ಇಷ್ಟನ್ನು ಹೇಳಿದೆನು. ಆ ತಾಯಿಗೆ ಕನ್ನಡ ಬಾರದು. ಆದುದರಿಂದ ವಚನದ ಮೈ ಆಕೆಗೆ ತಿಳಿಯುವಂತಿರಲಿಲ್ಲ. ಆದರೆ ಪ್ರತಿಯೊಂದು ವಚನದ ಕೊನೆಯಲ್ಲಿಯೂ ಬರುವ ಊರಿನ ಹೆಸರು, ದೇವರ ಹೆಸರು, ಅವೆರಡೂ ಆಕೆಗೆ ತಿಳಿದವುಗಳೇ. ಮಗನು ನಾಲ್ಕುನೂರು ಸಲ ಪರನಾಡಿನ ನುಡಿಯಲ್ಲಿ ಮಾತು ತೆಗೆದು, ನಾಲ್ಕುನೂರು ಸಲವೂ ತಾಯಿಯ ಊರಿಗೇ ಬಂದು ಮುಗಿಸಿದ್ದಾನೆ.

ಆ ಗೃಹಸ್ಥರು ಈಗ ಪ್ರತಿವಾರವೂ ದೂರವಾಣಿಯಲ್ಲಿ ಮೊಮ್ಮಗುವಿಗೆ ಒಂದೊಂದು ವಚನವನ್ನು ಹೇಳಿಕೊಡುತ್ತಿರುವರು. ಮಗುವಿಗೆ ನಾಲಗೆ ಹೊರಳದಿದ್ದ ಕಡೆ ತಾಳ್ಮೆಯಿಂದ ತಿದ್ದುವರು. ವಚನದ ಅರ್ಥವನ್ನು ಮಗುವು ತನ್ನ ನುಡಿಯಲ್ಲಿ ಹೇಳಿದರೆ ಅದನ್ನು ಬೇಡವೆನ್ನುವುದಿಲ್ಲ. ಮಗುವಿನ ನುಡಿಯ ನಾಲ್ಕು ಮಾತುಗಳನ್ನು ಅಜ್ಜನೂ ಕಲಿತಿದ್ದಾರೆಂದು ಕೇಳಿ ಸಂತೋಷವಾಯಿತು.

ಪುಲಿಗೆರೆಯ ಸೋಮೇಶ್ವರನನ್ನು ನೋಡದವರು ಅವಕಾಶವಾದಾಗ ಲಕ್ಷ್ಮೇಶ್ವರಕ್ಕೆ ಹೋಗಿ ನೋಡಿಬರಬೇಕು. ಮಕ್ಕಳು ಮೊಮ್ಮಕ್ಕಳು ಪರದೇಶದಲ್ಲಿರುವವರು, ಅವರು ಊರಿಗೆ ಬಂದಾಗ ಜೊತೆಯಲ್ಲಿ ಕರೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಮಹಾಶರಣ ಆದಯ್ಯನವರಿಗೂ, ಹುಟ್ಟಿದ ಮನೆಯಲ್ಲಿಯೇ ಬಹುದೂರ ನಡೆದ ಪದ್ಮಾವತಿಗೂ ಶರಣು ಶರಣಾರ್ಥಿ.